ವಿಷ ಕುಡಿದವರನ್ನು ಉಳಿಸುವುದು ಯಾವುದು? ಶ್ರೀಲಂಕಾದ ವಾರ್ಡುಗಳಿಂದ ಬಂದ ಉತ್ತರ

ಊರಿನಲ್ಲಿ ಯಾರಾದರೂ ವಿಷ ಕುಡಿದು ತೀರಿಕೊಂಡರೆ, ಮಣ್ಣು ಮಾಡಿ ಬಂದವರು ಜಗಲಿಯ ಮೇಲೆ ಕೂತು ಆಡುವ ಮಾತು ಸಾಮಾನ್ಯವಾಗಿ ಒಂದೇ: 'ಸಾಯಬೇಕು ಅಂತ ಮನಸ್ಸು ಮಾಡಿದೋರನ್ನ ಯಾರು ತಡೆಯೋಕಾಗುತ್ತೆ?' ಆ ಮಾತಿನಲ್ಲಿ ಸಂಕಟವಿದೆ, ಉಳಿದವರಿಗೆ ಬೇಕಾದ ಒಂದಿಷ್ಟು ಸಮಾಧಾನವೂ ಇದೆ. ಆದರೆ ಅದು ನಿಜವಲ್ಲ. ನಿಜವಲ್ಲ ಎಂದು ಹೇಳುವುದಕ್ಕೆ ಸಾವಿರಾರು ರೋಗಿಗಳ ಹಾಸಿಗೆಯ ಪಕ್ಕದಲ್ಲೇ ನಿಂತು ಬರೆದಿಟ್ಟ ಲೆಕ್ಕವಿದೆ. ಆ ಲೆಕ್ಕದ ಬಹುಪಾಲು ಬಂದದ್ದು ಲಂಡನ್ನಿನಿಂದಲೋ ನ್ಯೂಯಾರ್ಕಿನಿಂದಲೋ ಅಲ್ಲ. ಶ್ರೀಲಂಕಾದ ಅನುರಾಧಪುರ ಮತ್ತು ಪೊಲನ್ನರುವದ ಸರ್ಕಾರಿ ಆಸ್ಪತ್ರೆಗಳಿಂದ, ಬಾಂಗ್ಲಾದೇಶದ ಚಿತ್ತಗಾಂಗ್‌ನಿಂದ, ನಮ್ಮವೇ ಆದ ಬಾರಾಮತಿ, ವೆಲ್ಲೂರು, ಚೆನ್ನೈಗಳಿಂದ. ನಮ್ಮ ತಾಲ್ಲೂಕು ಆಸ್ಪತ್ರೆಗಳಂತೆಯೇ ಹಾಸಿಗೆ ಸಾಲದ, ಇರುವ ಒಬ್ಬ ನರ್ಸ್ ಇಡೀ ವಾರ್ಡು ನೋಡಿಕೊಳ್ಳುವ ಜಾಗಗಳಿವು. ಹಾಗಾಗಿ ಅಲ್ಲಿ ಕಂಡುಕೊಂಡದ್ದು ನಮಗೆ ನೇರವಾಗಿ ತಟ್ಟುತ್ತದೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಕೊಟ್ಟ ಲೆಕ್ಕದಂತೆ 2022ರಲ್ಲಿ ಭಾರತದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,70,924 ಮಂದಿ. ಅದರಲ್ಲಿ ಸುಮಾರು ಕಾಲು ಭಾಗ ವಿಷ ಸೇವನೆಯಿಂದ. ಕರ್ನಾಟಕದ ಪಾಲು 13 ಸಾವಿರಕ್ಕೂ ಹೆಚ್ಚು. ಇಡೀ ಜಗತ್ತಿನಲ್ಲಿ ಕೀಟನಾಶಕ, ಕಳೆನಾಶಕ ಸೇವಿಸಿ ವರ್ಷಕ್ಕೆ 1.1 ಲಕ್ಷದಿಂದ 1.68 ಲಕ್ಷ ಜನ ಸಾಯುತ್ತಾರೆ ಎಂದು 2017ರ ಒಂದು ಸಮೀಕ್ಷೆ ಅಂದಾಜು ಮಾಡಿತ್ತು. ಹಸಿರು ಕ್ರಾಂತಿ ಈ ರಾಸಾಯನಿಕಗಳನ್ನು ಮನೆಯ ಅಟ್ಟಕ್ಕೆ, ಹಟ್ಟಿಯ ಮೂಲೆಗೆ ತಂದಿಟ್ಟ ಮೇಲೆ ಸತ್ತವರ ಒಟ್ಟು ಸಂಖ್ಯೆ ಒಂದು ಕೋಟಿ ನಲವತ್ತು ಲಕ್ಷದ ಆಸುಪಾಸು ಎಂಬ ಅಂದಾಜೂ ಇದೆ. ಯುದ್ಧಗಳಲ್ಲಿ ಸತ್ತವರ ಲೆಕ್ಕದ ಹಾಗೆ ಕಾಣುವ ಈ ಅಂಕಿ ನಮ್ಮ ಪಠ್ಯಪುಸ್ತಕಗಳ ಹಸಿರು ಕ್ರಾಂತಿಯ ಪಾಠದಲ್ಲಿ ಎಲ್ಲೂ ಇಲ್ಲ.

ಅರ್ಧ ಗಂಟೆಯ ವಿಚಾರ

ಶ್ರೀಲಂಕಾದ ಆಸ್ಪತ್ರೆಗಳಲ್ಲಿ ಬದುಕಿ ಉಳಿದವರನ್ನು ಮಾತಾಡಿಸಿ ಮಾಡಿದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಯಾಕೆ ಅದನ್ನೇ ಕುಡಿದಿರಿ ಎಂದು ಕೇಳಿದಾಗ ಶೇ 85ರಷ್ಟು ಜನ ಕೊಟ್ಟ ಉತ್ತರ, ಅದು ಕೈಗೆ ಸಿಕ್ಕಿತು ಎಂಬುದು. ಅರ್ಧಕ್ಕಿಂತ ಹೆಚ್ಚು ಜನ ಆ ವಿಚಾರ ತಲೆಗೆ ಬಂದ ಅರ್ಧ ಗಂಟೆಯೊಳಗೆ ಅದನ್ನು ಮಾಡಿಬಿಟ್ಟಿದ್ದರು. ಗಂಡ ಹೆಂಡಿರ ಜಗಳ, ಅಪ್ಪನ ಬೈಗುಳ, ಕುಡಿದು ಬಂದ ರಾತ್ರಿಯ ರಂಪ, ಸಾಲಗಾರ ಬಾಗಿಲಲ್ಲಿ ನಿಂತು ಆಡಿದ ಮಾತು. ತಿಂಗಳುಗಟ್ಟಲೆ ಯೋಚಿಸಿ ತೀರ್ಮಾನಿಸಿದವರು ಇಲ್ಲವೆಂದಲ್ಲ, ದೀರ್ಘ ಖಿನ್ನತೆಯಲ್ಲಿ ನಲುಗಿದವರೂ ಇದ್ದಾರೆ. ಆದರೆ ಬಹಳಷ್ಟು ಮಂದಿಗೆ ಅದು ಒಂದು ಗಳಿಗೆಯ ಉಸಿರುಗಟ್ಟುವಿಕೆ. ಆ ಗಳಿಗೆ ದಾಟಿಸಿದರೆ ಅವರು ಬದುಕನ್ನೇ ಆರಿಸಿಕೊಳ್ಳುತ್ತಾರೆ.

ಬ್ರಿಟನ್ನಿನಂಥ ದೇಶಗಳಲ್ಲಿಯೂ ಯುವಜನರು ಇಂಥ ಗಳಿಗೆಗಳಿಗೆ ಸಿಕ್ಕುತ್ತಾರೆ. ಅಲ್ಲಿ ಹೀಗೆ ಆಸ್ಪತ್ರೆ ಸೇರಿದವರಲ್ಲಿ ಸಾಯುವವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಏಷ್ಯಾದ ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿ ಕೀಟನಾಶಕ ಸೇವಿಸಿ ಬಂದವರಲ್ಲಿ ಸಾಯುವವರು ನೂರಕ್ಕೆ ಹತ್ತರಿಂದ ಇಪ್ಪತ್ತು ಎಂದು 2000ದ ಹೊತ್ತಿಗೆ ವೈದ್ಯ ಮೈಕಲ್ ಎಡಲ್‌ಸ್ಟನ್ ಒಟ್ಟುಗೂಡಿಸಿದ ಮಾಹಿತಿ ಹೇಳುತ್ತಿತ್ತು. ನಮ್ಮ ಹುಡುಗ ಹುಡುಗಿಯರಿಗೆ ಸಾಯುವ ಹಟ ಹೆಚ್ಚು, ಅಲ್ಲಿಯವರಿಗೆ ಕಡಿಮೆ ಎಂದು ಇದರ ಅರ್ಥವಲ್ಲ. ಅಲ್ಲಿ ಆ ಗಳಿಗೆಯಲ್ಲಿ ಮನೆಯಲ್ಲಿ ಇದ್ದದ್ದು ಬೇರೆ, ಇಲ್ಲಿ ಇದ್ದದ್ದು ಬೇರೆ. ಅಲ್ಲಿ ಆಂಬುಲೆನ್ಸ್ ಬಂದ ಹೊತ್ತು ಬೇರೆ, ಇಲ್ಲಿ ಬೇರೆ. ವ್ಯಕ್ತಿಯ ಮನಸ್ಸಿನ ಒಳಗಿದೆ ಎಂದು ನಾವು ಅಂದುಕೊಂಡಿರುವ ಸಾವು ಬದುಕಿನ ತೀರ್ಮಾನ ಬಹುಮಟ್ಟಿಗೆ ಹೊರಗಿನ ವ್ಯವಸ್ಥೆಯಲ್ಲಿದೆ. ಇದನ್ನು ಒಪ್ಪಿಕೊಂಡರೆ ಮಾತ್ರ ಮುಂದಿನ ಮಾತು.

ವಾರ್ಡಿನಲ್ಲಿ ನಡೆಯುವುದು

ನಮ್ಮ ಕಡೆ ಆಸ್ಪತ್ರೆಗೆ ಬರುವ ಕೀಟನಾಶಕ ಪ್ರಕರಣಗಳಲ್ಲಿ ದೊಡ್ಡ ಪಾಲು 'ಓಪಿ ಕೇಸ್'. ಡ್ಯೂಟಿ ಡಾಕ್ಟರಿಂದ ಹಿಡಿದು ಸ್ಟ್ರೆಚರ್ ತಳ್ಳುವವರವರೆಗೆ ಎಲ್ಲರೂ ಹಾಗೇ ಕರೆಯುತ್ತಾರೆ. ಓಪಿ ಎಂದರೆ ಆರ್ಗನೊಫಾಸ್ಫರಸ್ ಗುಂಪಿನ ಕೀಟನಾಶಕ. ನರಗಳು ಸ್ನಾಯುಗಳಿಗೆ, ಗ್ರಂಥಿಗಳಿಗೆ ಸಂದೇಶ ಕೊಡಲು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಳಸುತ್ತವೆ. ಕೆಲಸ ಮುಗಿದೊಡನೆ ಅದನ್ನು ಒಡೆದು ಹಾಕಲು ಒಂದು ಕಿಣ್ವ ಇರುತ್ತದೆ. ಈ ವಿಷ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಬಿಟ್ಟ ನಲ್ಲಿಯ ತಿರುಪೇ ಕಳಚಿ ಕೈಗೆ ಬಂದಂತೆ, ಸಂದೇಶ ನಿಲ್ಲುವುದೇ ಇಲ್ಲ. ಬಾಯಲ್ಲಿ ಜೊಲ್ಲು, ಮೈತುಂಬ ಬೆವರು, ಕಣ್ಣಪಾಪೆ ಕಿರಿದಾಗುವುದು, ನಾಡಿ ನಿಧಾನವಾಗುವುದು, ಎಲ್ಲಕ್ಕಿಂತ ಅಪಾಯದ್ದೆಂದರೆ ಶ್ವಾಸಕೋಶದೊಳಗೆ ದ್ರವ ತುಂಬಿ ಉಸಿರು ಕಟ್ಟುವುದು. ಜೊತೆಗೆ ಉಸಿರಾಟಕ್ಕೆ ಬೇಕಾದ ಸ್ನಾಯುಗಳೇ ಸೋಲುತ್ತವೆ.

ಇದಕ್ಕೆ ಮುಖ್ಯ ಔಷಧ ಆಟ್ರೊಪಿನ್. ಹಳೆಯ, ಅಗ್ಗದ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇರಬಹುದಾದ ಇಂಜೆಕ್ಷನ್. ಇದನ್ನು ಕೊಡಬೇಕು ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಹೇಗೆ ಕೊಡಬೇಕು ಎಂಬ ಪ್ರಶ್ನೆಯನ್ನು ಮಾತ್ರ ದಶಕಗಳ ಕಾಲ ಯಾರೂ ಸರಿಯಾಗಿ ಪರೀಕ್ಷಿಸಿರಲಿಲ್ಲ. ಪುಸ್ತಕದಿಂದ ಪುಸ್ತಕಕ್ಕೆ ಬೇರೆ ಬೇರೆ ಪದ್ಧತಿ, ಹಿರಿಯ ವೈದ್ಯರಿಂದ ಕಿರಿಯರಿಗೆ ಬಂದ ರೂಢಿ. ಚಿತ್ತಗಾಂಗ್‌ನ ವೈದ್ಯರು 156 ರೋಗಿಗಳ ಮೇಲೆ ಒಂದು ಸರಳ ಹೋಲಿಕೆ ಮಾಡಿ 2012ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ರೂಢಿಯಂತೆ ಆಗಾಗ ಒಂದೇ ಪ್ರಮಾಣದ ಚುಚ್ಚುಮದ್ದು. ಇನ್ನೊಂದು ಗುಂಪಿಗೆ ಕೆಲವೇ ನಿಮಿಷಗಳ ಅಂತರದಲ್ಲಿ ಪ್ರಮಾಣ ಏರಿಸುತ್ತಾ ಹೋಗಿ, ಶ್ವಾಸಕೋಶ ತಿಳಿಯಾದ ಕೂಡಲೇ ಡ್ರಿಪ್‌ನಲ್ಲಿ ಸಣ್ಣಗೆ ನಿರಂತರವಾಗಿ ಕೊಡುವುದು. ಮೊದಲ ಗುಂಪಿನಲ್ಲಿ ಸತ್ತವರು ಶೇ 22.5. ಎರಡನೆಯದರಲ್ಲಿ ಶೇ 8. ಅದೇ ಔಷಧ, ಅದೇ ಆಸ್ಪತ್ರೆ, ಅದೇ ಸಿಬ್ಬಂದಿ. ಹೊಸ ಯಂತ್ರ ಬೇಕಾಗಲಿಲ್ಲ, ಹೊಸ ಕಟ್ಟಡ ಬೇಕಾಗಲಿಲ್ಲ. ಮೊದಲ ಒಂದು ಗಂಟೆ ಹಾಸಿಗೆಯ ಪಕ್ಕ ಒಬ್ಬರು ಸ್ಟೆತಸ್ಕೋಪ್ ಹಿಡಿದು ನಿಂತಿದ್ದರೆ ಸಾಕಾಯಿತು. ಈ ವಿಷಯದಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವ ಸಂಶೋಧನೆ ಇದೇ. ನಮ್ಮ ಪ್ರತಿ ತಾಲ್ಲೂಕು ಆಸ್ಪತ್ರೆಯ ತುರ್ತು ಚಿಕಿತ್ಸಾ ಕೋಣೆಯ ಗೋಡೆಯ ಮೇಲೆ ಆ ಪದ್ಧತಿ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಇರಬೇಕು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆಟ್ರೊಪಿನ್ ಸಾಕಾಯಿತೇ ಎಂದು ತಿಳಿಯಲು ಕಣ್ಣಪಾಪೆ ಅಗಲವಾಗಿದೆಯೇ ಎಂದಷ್ಟೇ ನೋಡುವ ರೂಢಿ ಹಲವೆಡೆ ಉಳಿದಿದೆ. ನೋಡಬೇಕಾದದ್ದು ಎದೆ: ಗೊರಗೊರ ಸದ್ದು ನಿಂತಿದೆಯೇ, ನಾಡಿ ಮತ್ತು ರಕ್ತದೊತ್ತಡ ಸರಿಯಾಗಿವೆಯೇ, ಕಂಕುಳು ಒಣಗಿದೆಯೇ. ಪ್ರಮಾಣ ಮೀರಿದರೆ ರೋಗಿಗೆ ಜ್ವರ ಏರುತ್ತದೆ, ಗಲಿಬಿಲಿಯಾಗುತ್ತದೆ, ಹಾಸಿಗೆಯಿಂದ ಎದ್ದು ಓಡಲು ನೋಡುತ್ತಾರೆ. ಅಂಥವರ ಕೈಕಾಲನ್ನು ಬ್ಯಾಂಡೇಜು ಬಟ್ಟೆಯಲ್ಲಿ ಮಂಚಕ್ಕೆ ಕಟ್ಟುವುದನ್ನು ನಮ್ಮ ದೊಡ್ಡಾಸ್ಪತ್ರೆಗಳಿಗೆ ಹೋದ ಬಹಳ ಜನ ನೋಡಿದ್ದಾರೆ. 'ಇನ್ನೂ ಹಟ ಬಿಟ್ಟಿಲ್ಲ ನೋಡಿ' ಎಂದು ನೆಂಟರು ಅಂದುಕೊಳ್ಳುತ್ತಾರೆ. ಹಲವು ಸಲ ಅದು ಹಟವಲ್ಲ, ಇಳಿಸಬೇಕಾಗಿದ್ದ ಔಷಧ.

ಹೊಟ್ಟೆ ತೊಳೆಯುವ ರೂಢಿ

ವಿಷ ಕುಡಿದವರನ್ನು ಕರೆದೊಯ್ದರೆ ಮೊದಲು ಹೊಟ್ಟೆ ತೊಳೆಯಬೇಕು ಎಂಬುದು ಜನರ ನಂಬಿಕೆ. ಮೂಗಿನಿಂದಲೋ ಬಾಯಿಂದಲೋ ನಳಿಗೆ ಹಾಕಿ ನೀರು ಬಿಟ್ಟು ತೆಗೆಯುವುದು. ತೊಳೆಯದಿದ್ದರೆ ಆಸ್ಪತ್ರೆಯವರು ಏನೂ ಮಾಡಲಿಲ್ಲ ಎಂದು ಗಲಾಟೆಯಾಗುತ್ತದೆ. ಶ್ರೀಲಂಕಾದ ಗ್ರಾಮೀಣ ಆಸ್ಪತ್ರೆಗಳಲ್ಲಿ ಹೀಗೆ ನಡೆದ 14 ಪ್ರಕರಣಗಳನ್ನು ಪಕ್ಕದಲ್ಲಿ ನಿಂತು ಗಮನಿಸಿ ಬರೆದ ವರದಿಯೊಂದು 2007ರಲ್ಲಿ ಬಂತು. ಓದಿದರೆ ಮೈ ನಡುಗುತ್ತದೆ. ಒಪ್ಪದ ರೋಗಿಯನ್ನು ಹಿಡಿದು, ಶ್ವಾಸನಾಳಕ್ಕೆ ರಕ್ಷಣೆ ಇಲ್ಲದೆ ಮಾಡಿದ ತೊಳೆತದಿಂದಲೇ ಹೃದಯ ನಿಂತದ್ದು, ನೀರು ಶ್ವಾಸಕೋಶಕ್ಕೆ ಇಳಿದದ್ದು ಅದರಲ್ಲಿ ದಾಖಲಾಗಿದೆ. ತೊಳೆಯುವುದರಿಂದ ಜೀವ ಉಳಿಯುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಪ್ರಜ್ಞೆ ಸರಿಯಿಲ್ಲದ, ಉಸಿರಾಟದ ರಕ್ಷಣೆ ಇಲ್ಲದ ರೋಗಿಗೆ ಇದು ನೇರ ಅಪಾಯ. ಆದರೂ ಇದು ನಡೆಯುತ್ತಲೇ ಇದೆ. ಕೆಲವೆಡೆ 'ಬುದ್ಧಿ ಬರಲಿ' ಎಂಬ ಮನೋಭಾವವೂ ಇದರ ಹಿಂದೆ ಇರುತ್ತದೆ. ನೊಂದು ಬಂದ ಜೀವಕ್ಕೆ ಚಿಕಿತ್ಸೆಯ ಹೆಸರಿನಲ್ಲಿ ಶಿಕ್ಷೆ ಕೊಡುವ ಹಕ್ಕು ಯಾರಿಗೂ ಇಲ್ಲ.

ಮನೆಯಲ್ಲೇ ಉಪ್ಪುನೀರು, ಹುಣಸೆನೀರು, ಸಗಣಿನೀರು ಕುಡಿಸಿ ವಾಂತಿ ಮಾಡಿಸುವ ಪದ್ಧತಿಯಂತೂ ಇನ್ನೂ ಕೆಟ್ಟದ್ದು. ಹೊತ್ತು ಹಾಳಾಗುತ್ತದೆ, ವಾಂತಿ ಶ್ವಾಸಕೋಶ ಸೇರುತ್ತದೆ. ಮಾಡಬೇಕಾದದ್ದು ಇಷ್ಟು: ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ವಿಷ ತಾಗಿದ ಬಟ್ಟೆ ತೆಗೆದು ಮೈ ತೊಳೆದು, 108ಕ್ಕೆ ಕರೆ ಮಾಡಿ, ಬಾಟಲಿಯನ್ನೋ ಅದರ ಚೀಟಿಯನ್ನೋ ಜೊತೆಗೆ ತೆಗೆದುಕೊಂಡು ಹೋಗುವುದು. ಆ ಚೀಟಿ ವೈದ್ಯರಿಗೆ ಎಷ್ಟು ಮುಖ್ಯ ಎಂಬುದು ಮುಂದೆ ಗೊತ್ತಾಗುತ್ತದೆ.

ಇದ್ದಿಲಿನ ಪುಡಿಯ ಕಥೆಯೂ ಹೀಗೇ. ಸಕ್ರಿಯ ಇದ್ದಿಲನ್ನು ಕುಡಿಸಿದರೆ ಅದು ಹೊಟ್ಟೆಯಲ್ಲಿ ವಿಷವನ್ನು ಹೀರಿಕೊಳ್ಳುತ್ತದೆ ಎಂಬುದು ತರ್ಕಕ್ಕೆ ಸರಿಯಾಗಿಯೇ ಇತ್ತು. ಒಂದು ಬಗೆಯ ಸಸ್ಯವಿಷದ ಮೇಲೆ ಅದನ್ನು ಪದೇ ಪದೇ ಕೊಟ್ಟ ಪ್ರಯೋಗ 2003ರಲ್ಲಿ ಒಳ್ಳೆಯ ಫಲವನ್ನೂ ತೋರಿತ್ತು. ಆಮೇಲೆ ಶ್ರೀಲಂಕಾದ ಮೂರು ಆಸ್ಪತ್ರೆಗಳಲ್ಲಿ 4,632 ರೋಗಿಗಳನ್ನು ಒಳಗೊಂಡ ಬೃಹತ್ ಪ್ರಯೋಗ ನಡೆದು 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಪದೇ ಪದೇ ಇದ್ದಿಲು ಪಡೆದವರಲ್ಲಿ ಸತ್ತವರು ಶೇ 6.3, ಇದ್ದಿಲೇ ಪಡೆಯದವರಲ್ಲಿ ಶೇ 6.8. ಲೆಕ್ಕಕ್ಕೆ ಬರುವಂಥ ವ್ಯತ್ಯಾಸವಿಲ್ಲ. ವಿಷಚಿಕಿತ್ಸೆಯ ಇತಿಹಾಸದಲ್ಲೇ ಅಪರೂಪವಾದ ಇಷ್ಟು ದೊಡ್ಡ ಪ್ರಯೋಗ ಸರಿಯಾಗಿ ನಡೆದದ್ದು ಪರದೆಯೂ ಇಲ್ಲದ ಸಾಮಾನ್ಯ ವಾರ್ಡುಗಳಲ್ಲಿ ಎಂಬುದನ್ನು ನೆನೆದರೆ ಆ ವೈದ್ಯರ ಮೇಲೆ ಗೌರವ ಉಕ್ಕುತ್ತದೆ.

ಪ್ರಾಲಿಡಾಕ್ಸಿಮ್ ಎಂಬ ಇನ್ನೊಂದು ಮದ್ದಿನ ವಿಷಯ ಇನ್ನೂ ಬಗೆಹರಿದಿಲ್ಲ. ನಮ್ಮ ವಾರ್ಡುಗಳಲ್ಲಿ 'ಪ್ಯಾಮ್' ಎಂದು ಕರೆಯುವುದು ಇದನ್ನೇ. ಕಟ್ಟಿಹೋದ ಕಿಣ್ವವನ್ನು ಬಿಡಿಸುವುದು ಇದರ ಕೆಲಸ. ಮಹಾರಾಷ್ಟ್ರದ ಬಾರಾಮತಿಯಲ್ಲಿ 200 ರೋಗಿಗಳ ಮೇಲೆ ನಡೆದ, 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೆಚ್ಚು ಪ್ರಮಾಣವನ್ನು ನಿರಂತರವಾಗಿ ಪಡೆದ ನೂರು ಜನರಲ್ಲಿ ಸತ್ತವರು ಒಬ್ಬರು, ಕಡಿಮೆ ಪ್ರಮಾಣ ಪಡೆದ ನೂರರಲ್ಲಿ ಎಂಟು. ಎಲ್ಲರೂ ಹುರುಪುಗೊಂಡರು. ಮೂರು ವರ್ಷದ ನಂತರ ಶ್ರೀಲಂಕಾದಲ್ಲಿ 235 ರೋಗಿಗಳ ಮೇಲಿನ ಪ್ರಯೋಗ ಬಂತು: ಪ್ರಾಲಿಡಾಕ್ಸಿಮ್ ಪಡೆದವರಲ್ಲಿ ಶೇ 24.8 ಸಾವು, ಬರೀ ಸಲೈನ್ ಪಡೆದವರಲ್ಲಿ ಶೇ 15.8. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು 1990ರ ದಶಕದಲ್ಲೇ ಇದರ ಉಪಯೋಗವನ್ನು ಪ್ರಶ್ನಿಸಿದ್ದರು. ಬಾರಾಮತಿಯ ರೋಗಿಗಳು ಬೇಗ ಬಂದವರು, ಅವರಿಗೆ ಐಸಿಯು ಆರೈಕೆ ಸಿಕ್ಕಿತ್ತು. ಯಾವ ವಿಷ, ಎಷ್ಟು ಹೊತ್ತಾಗಿತ್ತು, ಆರೈಕೆ ಎಂಥದ್ದು ಎಂಬುದರ ಮೇಲೆ ಫಲ ಬದಲಾಗುತ್ತಿರಬಹುದು. ನಮ್ಮಲ್ಲಿ ನೆಂಟರ ಕೈಗೆ ಚೀಟಿ ಕೊಟ್ಟು ಹೊರಗಿನ ಅಂಗಡಿಯಿಂದ ತರಿಸುವ ದುಬಾರಿ ಇಂಜೆಕ್ಷನ್ನುಗಳ ಪಟ್ಟಿಯಲ್ಲಿ ಇದೂ ಇರುವುದರಿಂದ ಬಡ ಕುಟುಂಬಕ್ಕೆ ಈ ಅನಿಶ್ಚಿತತೆ ಬರೀ ವೈಜ್ಞಾನಿಕ ಪ್ರಶ್ನೆಯಲ್ಲ. ಓಲೆ ಅಡವಿಟ್ಟು ತಂದ ಔಷಧದಿಂದ ನಿಜಕ್ಕೂ ಲಾಭವಿದೆಯೇ ಎಂದು ತಿಳಿಯುವ ಹಕ್ಕು ಅವರಿಗಿದೆ.

ಎರಡನೆಯ ದಿನದ ಮೋಸವನ್ನು ಇಲ್ಲಿ ಹೇಳಲೇಬೇಕು. ಶ್ರೀಲಂಕಾದ ಪೆರಾದೆನಿಯದ ವೈದ್ಯರಾದ ನಿಮಲ್ ಸೇನಾನಾಯಕೆ ಮತ್ತು ಲಕ್ಷ್ಮಣ್ ಕರಲಿಯೆದ್ದೆ 1987ರಲ್ಲಿ ಕೇವಲ ಹತ್ತು ರೋಗಿಗಳನ್ನು ಗಮನಿಸಿ ಹೊಸ ಸ್ಥಿತಿಯೊಂದನ್ನು ವಿವರಿಸಿದರು. ಮೊದಲ ಗಂಡಾಂತರ ದಾಟಿ, ಎದ್ದು ಕೂತು ಮಾತಾಡುತ್ತಿದ್ದ ರೋಗಿಗೆ ಒಂದರಿಂದ ನಾಲ್ಕು ದಿನದೊಳಗೆ ಕತ್ತಿನ, ಉಸಿರಾಟದ ಸ್ನಾಯುಗಳು ಸೋಲಲಾರಂಭಿಸುತ್ತವೆ. ದಿಂಬಿನಿಂದ ತಲೆ ಎತ್ತಲಾಗದಿರುವುದು ಅದರ ಮೊದಲ ಸೂಚನೆ. ಗುರುತಿಸಿ ವೆಂಟಿಲೇಟರ್ ಹಾಕಿದರೆ ದಿನಗಳೋ ವಾರಗಳೋ ಕಳೆದು ಪೂರ್ತಿ ಗುಣವಾಗುತ್ತಾರೆ. ಗುರುತಿಸದಿದ್ದರೆ ಬೆಳಗಿನ ಜಾವ ಸದ್ದಿಲ್ಲದೆ ಹೋಗಿಬಿಡುತ್ತಾರೆ. 'ನಿನ್ನೆ ಚೆನ್ನಾಗಿದ್ದ, ಮಾತಾಡಿದ್ದ' ಎಂಬ ನೆಂಟರ ಗೋಳಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಸ್ವಲ್ಪ ಚೇತರಿಸಿದ ಕೂಡಲೇ ದುಡ್ಡಿನ ಭಯಕ್ಕೋ ಪೊಲೀಸರ ಭಯಕ್ಕೋ ವೈದ್ಯರ ಮಾತು ಮೀರಿ ಮನೆಗೆ ಕರೆದುಕೊಂಡು ಹೋಗಬಾರದು ಎನ್ನುವುದು ಇದಕ್ಕಾಗಿ.

ಅಂಗಡಿಯ ಶೆಲ್ಫಿನಲ್ಲಿ ಏನಿದೆ

ಆಸ್ಪತ್ರೆಯಲ್ಲಿ ಇಷ್ಟೆಲ್ಲ ಕಲಿತ ಮೇಲೆ ಅದೇ ವೈದ್ಯರು ಆಸ್ಪತ್ರೆಯ ಹೊರಗೆ ನೋಡಿದರು. ಶ್ರೀಲಂಕಾದಲ್ಲಿ 9,302 ರೋಗಿಗಳ ಮಾಹಿತಿ ಕಲೆಹಾಕಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದು ಇದು: ಬೇರೆ ಬೇರೆ ಕೃಷಿ ರಾಸಾಯನಿಕ ಸೇವಿಸಿದವರಲ್ಲಿ ಸಾವಿನ ಪ್ರಮಾಣ ಶೂನ್ಯದಿಂದ ಶೇ 42ರವರೆಗೆ ಇತ್ತು. ಒಂದೇ ಕೀಟಕ್ಕೆ, ಒಂದೇ ಬೆಳೆಗೆ, ಒಂದೇ ಅಂಗಡಿಯಲ್ಲಿ ಸಿಗುವ ಉತ್ಪನ್ನಗಳ ನಡುವೆ ಇಷ್ಟು ಅಂತರ. ಇಲಿಗಳ ಮೇಲಿನ ಪರೀಕ್ಷೆಯಿಂದ ನಿರ್ಧರಿಸುವ ಡಬ್ಬದ ಮೇಲಿನ ಕೆಂಪು, ಹಳದಿ, ನೀಲಿ ತ್ರಿಕೋನಗಳು ಮನುಷ್ಯರಲ್ಲಿ ಆಗುವುದನ್ನು ಸರಿಯಾಗಿ ಹೇಳುವುದೂ ಇಲ್ಲ. ಆ ಚೀಟಿಯನ್ನು ಆಸ್ಪತ್ರೆಗೆ ತನ್ನಿ ಎಂದದ್ದು ಇದೇ ಕಾರಣಕ್ಕೆ.

ಹಾಗಾದರೆ ಕ್ಷಣದ ದುಡುಕಿಗೆ ಸಾವಿನ ಬೆಲೆ ಕಟ್ಟಿಸುವ ಉತ್ಪನ್ನಗಳನ್ನು ಶೆಲ್ಫಿನಿಂದಲೇ ತೆಗೆದರೆ? ಶ್ರೀಲಂಕಾ ಅದನ್ನು ಮಾಡಿತು. 1984ರಲ್ಲಿ ಶುರುಮಾಡಿ, 1995ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅತಿ ಅಪಾಯಕಾರಿ ಎಂದು ವರ್ಗೀಕರಿಸಿದ ಒಂದನೇ ದರ್ಜೆಯ ಉಳಿದ ಕೀಟನಾಶಕಗಳನ್ನು, 1998ರಲ್ಲಿ ಎಂಡೋಸಲ್ಫಾನನ್ನು, 2008ರಿಂದ 2011ರ ನಡುವೆ ಇನ್ನೂ ಮೂರನ್ನು ಹಂತಹಂತವಾಗಿ ಹೊರಹಾಕಿತು. 1995ರಲ್ಲಿ ಲಕ್ಷಕ್ಕೆ 47ರಷ್ಟಿದ್ದ ಅಲ್ಲಿನ ಆತ್ಮಹತ್ಯೆ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. 2005ರ ಹೊತ್ತಿಗೆ ಅದು 24ಕ್ಕೆ ಇಳಿಯಿತು. ಮುಂದೆಯೂ ಇಳಿದು ಒಟ್ಟು ಇಳಿಕೆ ಶೇ 70ರಷ್ಟಾಯಿತು. ಎರಡು ದಶಕಗಳಲ್ಲಿ ಉಳಿದ ಜೀವಗಳು ಸುಮಾರು 93 ಸಾವಿರ ಎಂಬ ಅಂದಾಜಿದೆ. ಸರ್ಕಾರಕ್ಕೆ ತಗುಲಿದ ನೇರ ಖರ್ಚು ಒಂದು ಜೀವಕ್ಕೆ 50 ಡಾಲರಿಗಿಂತ ಕಡಿಮೆ.

ಈ ಅವಧಿಯಲ್ಲಿ ವಿಷ ಸೇವಿಸಿ ಆಸ್ಪತ್ರೆಗೆ ಬಂದವರ ಸಂಖ್ಯೆ ಕಡಿಮೆಯಾಗಲಿಲ್ಲ ಎಂಬುದನ್ನು ಗಮನಿಸಬೇಕು. ಜಗಳ, ಸಾಲ, ನಾಗರಿಕ ಯುದ್ಧದ ಯಾತನೆ, ಯಾವುದೂ ಮಾಯವಾಗಿರಲಿಲ್ಲ. ಜನ ನೊಂದರು, ದುಡುಕಿದರು, ಆಸ್ಪತ್ರೆಗೆ ಬಂದರು, ಬದುಕಿ ಮನೆಗೆ ಹೋದರು. ಬಹುಪಾಲು ಜನ ಇನ್ನೊಂದು ದಾರಿ ಹುಡುಕಿಕೊಂಡು ಹೋಗಲಿಲ್ಲ. ಜಗಲಿಯ ಮೇಲಿನ ಆ ಮಾತಿಗೆ ಇಡೀ ದೇಶವೊಂದು ಕೊಟ್ಟ ಉತ್ತರ ಇದು. ಬಾಂಗ್ಲಾದೇಶ 2000ದಲ್ಲಿ ಒಂದನೇ ದರ್ಜೆಯ ಕೀಟನಾಶಕಗಳನ್ನು ನಿಷೇಧಿಸಿದ ಮೇಲೂ, ದಕ್ಷಿಣ ಕೊರಿಯಾ ಒಂದು ಕಳೆನಾಶಕವನ್ನು 2011-12ರಲ್ಲಿ ತೆಗೆದ ಮೇಲೂ ಸಾವುಗಳು ಇಳಿದವು.

ಬೆಳೆ ಹಾಳಾಗಲಿಲ್ಲವೇ ಎಂದು ರೈತರು ಕೇಳುವುದು ನ್ಯಾಯ. ಶ್ರೀಲಂಕಾದ ನಿಷೇಧಗಳಿಂದ ಭತ್ತ, ತರಕಾರಿ ಇಳುವರಿ ಕುಸಿಯಲಿಲ್ಲ ಎಂದು 2008ರಲ್ಲಿ ಪ್ರಕಟವಾದ ವಿಶ್ಲೇಷಣೆ ತೋರಿಸಿದೆ. ಇದನ್ನು 2021ರಲ್ಲಿ ಆ ದೇಶ ರಾತ್ರೋರಾತ್ರಿ ಎಲ್ಲ ರಾಸಾಯನಿಕ ಗೊಬ್ಬರ, ಕೀಟನಾಶಕಗಳ ಆಮದು ನಿಲ್ಲಿಸಿ ಕೈಸುಟ್ಟುಕೊಂಡ ಪ್ರಸಂಗದ ಜೊತೆ ಬೆರೆಸಬಾರದು. ಟಿವಿ ಚರ್ಚೆಗಳಲ್ಲಿ ಬೆರೆಸುತ್ತಾರೆ, ಅದರಿಂದ ಒಳ್ಳೆಯ ನೀತಿಯೊಂದಕ್ಕೆ ಕೆಟ್ಟ ಹೆಸರು ಬರುತ್ತದೆ. ಹಿಂದಿನ ನಿಷೇಧಗಳು ಆಯ್ದ ಕೆಲವೇ ಉತ್ಪನ್ನಗಳ ಮೇಲೆ, ಕಡಿಮೆ ವಿಷದ ಬದಲಿ ಇದೆಯೆಂದು ಖಚಿತಪಡಿಸಿಕೊಂಡು, ವರ್ಷಗಳ ಅಂತರದಲ್ಲಿ ಬಂದವು.

ಕೀಟನಾಶಕ ಕಂಪನಿಗಳು ಇಷ್ಟಪಟ್ಟ ಪರಿಹಾರ ಬೇರೆ: ಬೀಗ ಹಾಕುವ ಪೆಟ್ಟಿಗೆ. ಮನೆಮನೆಗೆ ಒಂದು ಪೆಟ್ಟಿಗೆ ಕೊಟ್ಟರೆ ಸಾಕು, ನಿಷೇಧ ಯಾಕೆ? ಕೇಳಲು ಚೆನ್ನಾಗಿದೆ. ಅನುರಾಧಪುರ ಜಿಲ್ಲೆಯ 180 ಹಳ್ಳಿಗಳ 53,382 ಮನೆಗಳಲ್ಲಿ ಇದನ್ನು ಪರೀಕ್ಷಿಸಲಾಯಿತು. ಅರ್ಧ ಹಳ್ಳಿಗಳಿಗೆ ಪೆಟ್ಟಿಗೆ, ಇನ್ನರ್ಧಕ್ಕೆ ಇಲ್ಲ. ಮೂರು ವರ್ಷ ಕಾದು ನೋಡಿ 2017ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಎರಡೂ ಕಡೆ ಕೀಟನಾಶಕ ಸೇವನೆಯ ಪ್ರಮಾಣ ಹೆಚ್ಚುಕಡಿಮೆ ಒಂದೇ. ಹಂಗಾಮಿನಲ್ಲಿ ದಿನಾ ಸಿಂಪಡಿಸುವವರು ದಿನಾ ಬೀಗ ಹಾಕುವುದಿಲ್ಲ, ಹಾಕಿದರೂ ಕೀಲಿ ಎಲ್ಲಿದೆಯೆಂದು ಮನೆಯವರಿಗೆಲ್ಲ ಗೊತ್ತು. ಸರ್ಕಾರ ಮಾಡಬೇಕಾದ ಕೆಲಸವನ್ನು ಮನೆಯ ಹೆಂಗಸಿನ ಸೊಂಟದ ಕೀಲಿಗೊಂಚಲಿಗೆ ವಹಿಸಿ ಕೈತೊಳೆದುಕೊಳ್ಳುವುದು ಸಾಧ್ಯವಿಲ್ಲ ಎಂದು ಆ ಪ್ರಯೋಗ ಸ್ಪಷ್ಟ ಮಾಡಿತು.

ನಮ್ಮಲ್ಲಿ? ದಕ್ಷಿಣ ಕನ್ನಡದ ಗೇರುತೋಟಗಳ ಸುತ್ತಲಿನ ಮಕ್ಕಳ ಸಂಕಟ ಕಂಡ ನಮಗೆ ಎಂಡೋಸಲ್ಫಾನ್ ಹೆಸರು ಹೊಸದಲ್ಲ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಾದ್ಯಂತ ತಡೆಯಿತು. ಆ ಬಳಿಕ ಕೀಟನಾಶಕದಿಂದಾಗುವ ಆತ್ಮಹತ್ಯೆಗಳೂ ಇಳಿದವು ಎಂದು 2020ರ ಅಧ್ಯಯನವೊಂದು ಹೇಳಿತು. ಆ ನಿಷೇಧಕ್ಕಾಗಿ ಹೋರಾಡಿದವರು ಇದನ್ನು ಎದುರು ನೋಡಿರಲಿಲ್ಲ. ಕೇಂದ್ರ ಸರ್ಕಾರ ನೇಮಿಸಿದ ಅನುಪಮ್ ವರ್ಮಾ ಸಮಿತಿ 66 ಕೀಟನಾಶಕಗಳನ್ನು ಪರಿಶೀಲಿಸಿತು, ಅದರ ಆಧಾರದಲ್ಲಿ 2018ರಲ್ಲಿ 18ರ ನಿಷೇಧಕ್ಕೆ ಆದೇಶವಾಯಿತು. 2020ರ ಮೇ ತಿಂಗಳಲ್ಲಿ ಇನ್ನೂ 27ರ ನಿಷೇಧಕ್ಕೆ ಕೇಂದ್ರ ಕರಡು ಹೊರಡಿಸಿತು. ಉದ್ಯಮದ ಆಕ್ಷೇಪಗಳು ಬಂದವು, ಸಮಿತಿಗಳು ಕೂತವು, 2023ರಲ್ಲಿ ಆದೇಶ ಬಂದಾಗ ಅದರಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು. ಇದರ ನಡುವೆ 2022ರ ನವೆಂಬರಿನಲ್ಲಿ ಅದೇ ಕೇಂದ್ರ ಸರ್ಕಾರದ ಆರೋಗ್ಯ ಸಚಿವಾಲಯ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯತಂತ್ರ ಪ್ರಕಟಿಸಿ, 2030ರೊಳಗೆ ಸಾವುಗಳನ್ನು ಶೇ 10ರಷ್ಟು ಇಳಿಸುವ ಗುರಿ ಹಾಕಿಕೊಂಡಿತು. ಗುರಿ ಆರೋಗ್ಯ ಇಲಾಖೆಯದು, ಅದನ್ನು ಮುಟ್ಟುವ ಸಾಧನ ಕೃಷಿ ಇಲಾಖೆಯ ಕೈಯಲ್ಲಿದೆ. ಕರ್ನಾಟಕ ತಾನಾಗಿಯೇ ಮುಂದಾಗೋಣ ಎಂದರೆ 1968ರ ಕೀಟನಾಶಕ ಕಾಯ್ದೆ ರಾಜ್ಯಗಳಿಗೆ ಕೊಡುವುದು 60 ದಿನಗಳ ತಾತ್ಕಾಲಿಕ ತಡೆಯ ಅಧಿಕಾರ, ಬಹಳವೆಂದರೆ ಇನ್ನೂ 30 ದಿನ. ಒಂದು ಬೆಳೆಯ ಹಂಗಾಮಿಗೂ ಅದು ಸಾಲದು. ಈ ಕಾಯ್ದೆ ಬದಲಾಗಬೇಕೆಂದು ನಮ್ಮ ಸಂಸದರು ಕೇಳಬೇಕು.

ಡಿಸ್ಚಾರ್ಜ್ ಆದ ಮೇಲೆ

ಬದುಕಿ ಉಳಿದವರಿಗೆ ಆಸ್ಪತ್ರೆಯಲ್ಲಿ ಮೊದಲು ಅಂಟುವ ಹೆಸರು 'ಎಂಎಲ್‌ಸಿ'. ಮೆಡಿಕೊ ಲೀಗಲ್ ಕೇಸ್ ಎಂದು ಪೊಲೀಸರಿಗೆ ತಿಳಿಸುವ ಪದ್ಧತಿ. ಇದರ ಭಯಕ್ಕೆ ಕುಟುಂಬಗಳು 'ಗೊತ್ತಾಗದೆ ಕುಡಿದಳು' ಎಂದು ಸುಳ್ಳು ಹೇಳುತ್ತವೆ, ಕೆಲವು ಖಾಸಗಿ ಆಸ್ಪತ್ರೆಗಳು ಗೇಟಿನಲ್ಲೇ ವಾಪಸು ಕಳಿಸುತ್ತವೆ. ಯಾವ ಎಂಎಲ್‌ಸಿಯೂ ತುರ್ತು ಚಿಕಿತ್ಸೆಗೆ ಅಡ್ಡಿಯಾಗಬಾರದು ಎಂದು ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1989ರಲ್ಲಿ. 2018ರ ಮೇ 29ರಿಂದ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮಿನ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ, ಅವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆ ಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮು ಇಲ್ಲವೇ ಇಲ್ಲ. ಶ್ರೀಲಂಕಾ ಆ ಕೆಲಸವನ್ನು 1998ರಲ್ಲೇ ಮಾಡಿತ್ತು. ಕಾನೂನು ಬದಲಾಗಿದೆ, ಆದರೆ ವಾರ್ಡಿನ ಬಾಗಿಲಲ್ಲಿ ಕಾನ್‌ಸ್ಟೆಬಲ್ ಹೇಳಿಕೆ ಬರೆಸಿಕೊಳ್ಳಲು ನಿಂತಿರುವಾಗ ಆ ಬದಲಾವಣೆ ರೋಗಿಗೆ ಕಾಣುವುದು ಹೇಗೆ?

ಆ ಕಲಮಿನ 'ಕರ್ತವ್ಯ'ಕ್ಕೆ ಏನು ಮಾಡಬೇಕೆಂದು ತೋರಿಸಿದ ಪ್ರಯೋಗವೂ ನಮ್ಮ ಪಕ್ಕದಲ್ಲೇ ನಡೆದಿದೆ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ ಆಸ್ಪತ್ರೆಗಳಲ್ಲಿ 1,867 ಮಂದಿಯ ಮೇಲೆ ಇದನ್ನು ನಡೆಸಿತು. ಅದರಲ್ಲಿ ಚೆನ್ನೈಯೂ ಒಂದು ಕೇಂದ್ರ, ಕೊಲಂಬೊ ಇನ್ನೊಂದು. ಚೆನ್ನೈನಲ್ಲಿ ಮನೋವೈದ್ಯೆ ಲಕ್ಷ್ಮಿ ವಿಜಯಕುಮಾರ್ ಇದರ ಜೊತೆಗಿದ್ದರು. ಅರ್ಧದಷ್ಟು ಜನರಿಗೆ ಆಸ್ಪತ್ರೆಯ ಮಾಮೂಲಿ ಆರೈಕೆ. ಉಳಿದವರಿಗೆ ಡಿಸ್ಚಾರ್ಜಿಗೆ ಮುಂಚೆ ಒಂದು ಗಂಟೆ ಕೂತು ಮಾತುಕತೆ, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನೋ ಭೇಟಿಯೋ. ಹೇಗಿದ್ದೀರಿ, ಏನಾದರೂ ನೆರವು ಬೇಕೇ ಎಂದು ಕೇಳುವುದು, ಅಷ್ಟೆ. 2008ರಲ್ಲಿ ಬಂದ ಫಲಿತಾಂಶ: ಮಾಮೂಲಿ ಗುಂಪಿನಲ್ಲಿ ಆತ್ಮಹತ್ಯೆಯಿಂದ ಸತ್ತವರು ಶೇ 2.2, ಮಾತಾಡಿಸಿದ ಗುಂಪಿನಲ್ಲಿ ಶೇ 0.2. ಇದಕ್ಕೆ ಮನೋವೈದ್ಯರೇ ಬೇಕೆಂದಿಲ್ಲ. ತರಬೇತಿ ಪಡೆದ ನರ್ಸ್, ಆಪ್ತಸಮಾಲೋಚಕಿ, ಆಶಾ ಕಾರ್ಯಕರ್ತೆ ಮಾಡಬಲ್ಲ ಕೆಲಸ.

ಕರ್ನಾಟಕದಲ್ಲಿ ಇದಕ್ಕೆ ಬೇಕಾದ ತುಂಡುಗಳೆಲ್ಲ ಬಿಡಿಬಿಡಿಯಾಗಿ ಇವೆ. ಎಲ್ಲ ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಮನೋಚೈತನ್ಯ ಯೋಜನೆಯಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ರಾಷ್ಟ್ರಮಟ್ಟದ ಮೇಲ್ವಿಚಾರಣಾ ಕೇಂದ್ರ. 14416ಕ್ಕೆ ಕರೆ ಮಾಡಿದರೆ ಯಾವ ಹೊತ್ತಿನಲ್ಲೂ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಈ ಲೇಖನ ಓದುತ್ತಿರುವವರಲ್ಲಿ ಯಾರಿಗಾದರೂ ಮನಸ್ಸು ಭಾರವಾಗಿದ್ದರೆ, ಬದುಕು ಬೇಡವೆನಿಸುತ್ತಿದ್ದರೆ, ದಯವಿಟ್ಟು ಈಗಲೇ ಆ ನಂಬರಿಗೆ ಕರೆ ಮಾಡಿ, ಹತ್ತಿರದ ಒಬ್ಬರಿಗೆ ಹೇಳಿ.

ಆದರೆ ನೊಂದವರೇ ಕರೆ ಮಾಡಲಿ ಎಂದು ಕಾಯುವುದು ಬೇರೆ, ನಾವೇ ಅವರಿಗೆ ಕರೆ ಮಾಡುವುದು ಬೇರೆ. ಆ ಐದು ದೇಶಗಳ ಪ್ರಯೋಗ ಪರೀಕ್ಷಿಸಿದ್ದು ಎರಡನೆಯದನ್ನು. ನಮ್ಮಲ್ಲಿ ಬುಧವಾರ ದಾಖಲಾಗಿ ಸೋಮವಾರ ಬಿಡುಗಡೆಯಾದವರಿಗೆ ಮಂಗಳವಾರದ ಮನೋವೈದ್ಯರು ಸಿಗುವುದೇ ಇಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ಸಾಲಿನ ಸಲಹೆ ಇರುತ್ತದೆ, ಅದನ್ನು ಪಾಲಿಸಿದರೋ ಇಲ್ಲವೋ ಯಾರೂ ಕೇಳುವುದಿಲ್ಲ. ವಿಷ ಸೇವಿಸಿ ಬದುಕಿದ ಪ್ರತಿಯೊಬ್ಬರ ಹೆಸರನ್ನು, ಅವರ ಒಪ್ಪಿಗೆ ಪಡೆದು, ಗುಟ್ಟು ಕಾಪಾಡಿ, ಆಸ್ಪತ್ರೆಯೇ ಜಿಲ್ಲಾ ಮಾನಸಿಕ ಆರೋಗ್ಯ ತಂಡಕ್ಕೆ ಅದೇ ದಿನ ದಾಟಿಸಬೇಕು. ಮೊದಲ ಕರೆ ಒಂದು ವಾರದೊಳಗೆ ಹೋಗಬೇಕು. ಒಂಬತ್ತು ಕರೆಗಳಿಗೆ ಯಾರು ಹೊಣೆ ಎಂಬುದು ಹೆಸರು ಸಮೇತ ನಿಗದಿಯಾಗಬೇಕು. ವೆಂಟಿಲೇಟರಿನ ಮೇಲೆ ಹತ್ತು ದಿನ ಇಟ್ಟು ಉಳಿಸಿದ ಜೀವಕ್ಕೆ ಆಮೇಲಿನ ಒಂಬತ್ತು ಫೋನ್ ಕರೆಗಳ ಖರ್ಚು ಯಾವ ಬಜೆಟ್ಟಿಗೂ ಹೊರೆಯಲ್ಲ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, 115ನೇ ಕಲಮು ಈಗಾಗಲೇ ಇದೆ. ರಾಜ್ಯದ ಆರೋಗ್ಯ ಇಲಾಖೆಯ ಒಂದು ಸುತ್ತೋಲೆ ಸಾಕು.